ಕೊಮಾಂಚಿ ಹೆಲಿಕಾಪ್ಟರ್ ಮತ್ತು ನಮ್ಮ ತೋಟದ ಬಾವಿ

ನಾನು ಚಿಕ್ಕವನಿದ್ದಾಗ ತಂದೆಯವರು ತೋಟದಲ್ಲಿ ಒಂದು ಬಾವಿ ತೋಡಿಸಿದರು. 30 ಅಡಿಗೆ ಬಂಡೆ ಸಿಕ್ಕಿತು. ಊರಿನ ಹಿರಿಯರು ಸಾಕೆಂದರು. "ಇಷ್ಟು ತೋಡಿದ ಮೇಲೆ ಬಿಡುವುದು ಹೇಗೆ?" ಎಂದು ತಂದೆಯವರು ಸಾಲ ಮಾಡಿ ಮುಂದುವರಿಸಿದರು. ನೀರು ಬರಲಿಲ್ಲ, ತಾಯಿಯವರ ಬಳೆಗಳು ಹೋದವು. ಅಮೆರಿಕದ ಕೊಮಾಂಚಿ ಹೆಲಿಕಾಪ್ಟರಿನ ಕಥೆಯನ್ನು ಓದಿದಾಗ ನನಗೆ ನೆನಪಾದದ್ದು ಆ ಬಾವಿ.

ವಿಯೆಟ್ನಾಂ ಯುದ್ಧಕಾಲದ ಹಳೆಯ ಹೆಲಿಕಾಪ್ಟರುಗಳಿಗೆ ಬದಲಿಯಾಗಿ ಹೊಸದೊಂದು ಬೇಕೆಂದು ಅಮೆರಿಕದ ಭೂಸೇನೆ 1980ರ ದಶಕದ ಆರಂಭದಲ್ಲಿ ಯೋಚಿಸಿತು. ಎದುರಿಗಿದ್ದ ಶತ್ರು ಸೋವಿಯತ್ ಒಕ್ಕೂಟ. ರೇಡಾರಿನ ಕಣ್ಣಿಗೆ ಸುಲಭವಾಗಿ ಬೀಳದೆ, ಅಸ್ತ್ರಗಳನ್ನು ಒಡಲೊಳಗೇ ಬಚ್ಚಿಟ್ಟುಕೊಂಡು, ಶತ್ರುಪಡೆಯನ್ನು ಗುರುತಿಸಿ ಬರುವುದು ಈ ಯಂತ್ರದ ಕೆಲಸವಾಗಿತ್ತು. 1991ರಲ್ಲಿ ಬೋಯಿಂಗ್ ಮತ್ತು ಸಿಕೋರ್ಸ್ಕಿ ಕಂಪನಿಗಳ ಜೋಡಿಗೆ ಗುತ್ತಿಗೆ ದೊರೆಯಿತು. ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು! ಆದರೂ ಕೆಲಸ ನಿಲ್ಲಲಿಲ್ಲ. 1996ರ ಜನವರಿ 4ರಂದು ಮೊದಲ ಕೊಮಾಂಚಿ ಹಾರಿತು. ವರ್ಷಗಳು ಕಳೆದಂತೆ ತೂಕ ಹೆಚ್ಚಿತು, ವೆಚ್ಚ ಏರಿತು, ಕೊಳ್ಳಬೇಕಾದ ಸಂಖ್ಯೆ ಮಾತ್ರ ಇಳಿಯಿತು. ಮೊದಲು ಸುಮಾರು 5,000 ಎಂದಿದ್ದುದು 2002ರ ಹೊತ್ತಿಗೆ 650ಕ್ಕೆ ಬಂದಿತ್ತು.

ಅಷ್ಟರಲ್ಲಿ ಯುದ್ಧದ ಸ್ವರೂಪವೂ ಬದಲಾಗಿತ್ತು. 2003ರ ನವೆಂಬರಿನಲ್ಲಿ ಇರಾಕಿನ ಫಲ್ಲೂಜಾ ಬಳಿ, ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಯೊಂದು ಚಿನೂಕ್ ಹೆಲಿಕಾಪ್ಟರನ್ನು ಕೆಡವಿತು. 16 ಸೈನಿಕರು ಮಡಿದರು. ಗೂಢಚರ್ಯೆಯ ಕೆಲಸವನ್ನು ಡ್ರೋನುಗಳು ವಹಿಸಿಕೊಳ್ಳತೊಡಗಿದ್ದವು. 2004ರ ಫೆಬ್ರವರಿ 23ರಂದು ಭೂಸೇನೆ ಕೊಮಾಂಚಿಯನ್ನು ಕೈಬಿಟ್ಟಿತು. ಖರ್ಚಾದದ್ದು ಸುಮಾರು 690 ಕೋಟಿ ಡಾಲರ್. ಹಾರಿದವು ಎರಡೇ ಎರಡು.

ಅಷ್ಟೂ ಹಣ ನೀರಿನಲ್ಲಿ ಹೋಮವಾಯಿತಲ್ಲ ಎಂದು ನೀವು ಕೇಳಬಹುದು. ಆದರೆ ಇನ್ನೊಂದು ಲೆಕ್ಕವನ್ನೂ ನೋಡಿರಿ. 2011ರವರೆಗೆ 121 ಕೊಮಾಂಚಿಗಳಿಗೆಂದು ಎತ್ತಿಟ್ಟಿದ್ದ 1,460 ಕೋಟಿ ಡಾಲರಿನಲ್ಲಿ, ಬೇರೆ ಬಗೆಯ ಸುಮಾರು 800 ಹೊಸ ವಿಮಾನ, ಹೆಲಿಕಾಪ್ಟರುಗಳನ್ನು ಕೊಳ್ಳಬಹುದು, ಇರುವ 1,400ನ್ನು ಸುಧಾರಿಸಬಹುದು ಎಂದು ಸೇನೆ ಲೆಕ್ಕ ಹಾಕಿತ್ತು. ಹೋದ ಹಣ ಯಾವ ದಾರಿ ಹಿಡಿದರೂ ಮರಳುವಂತಿರಲಿಲ್ಲ. ಉಳಿದ ಹಣವಷ್ಟೇ ಕೈಯಲ್ಲಿತ್ತು.

ಕಥೆ ಅಲ್ಲಿಗೇ ಮುಗಿಯಲಿಲ್ಲವೆನ್ನಿ. ಕೊಮಾಂಚಿಯ ಬದಲಿಗೆ ಆರಂಭಿಸಿದ ಯೋಜನೆಯೂ 2008ರಲ್ಲಿ ರದ್ದಾಯಿತು. ಅದರ ನಂತರದ್ದು, 200 ಕೋಟಿ ಡಾಲರಿಗೂ ಹೆಚ್ಚು ನುಂಗಿ, 2024ರ ಫೆಬ್ರವರಿಯಲ್ಲಿ ನಿಂತಿತು. ಆಗಲೂ ಉಕ್ರೇನಿನ ರಣರಂಗದಲ್ಲಿ ಡ್ರೋನುಗಳು ಕಲಿಸಿದ ಪಾಠವೇ ಮುಖ್ಯ ಕಾರಣ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬಂದ ಬುದ್ಧಿಯೂ ನಿಲ್ಲುವುದು ಕಷ್ಟ.

ಆ ಎರಡು ಕೊಮಾಂಚಿಗಳು ಈಗ ಅಲಬಾಮಾ ರಾಜ್ಯದಲ್ಲಿ ಸೇನೆಯ ವೈಮಾನಿಕ ಸಂಗ್ರಹಾಲಯಕ್ಕೆ ಸೇರಿವೆ. ನಮ್ಮ ಬಾವಿಯೂ ಬಹಳ ವರ್ಷ ಹಾಗೆಯೇ ಇತ್ತು. ತಂದೆಯವರು ಅದರ ಪಕ್ಕದಲ್ಲಿ ಹಾದುಹೋಗುವಾಗ ಎಂದೂ ಇಣುಕಿ ನೋಡುತ್ತಿರಲಿಲ್ಲ.