ಮಂಗಳೂರಿನಲ್ಲಿದ್ದ ಒಬ್ಬ ಯೆಹೂದ್ಯ ವರ್ತಕ

ಮಧ್ಯಯುಗದ ಯೆಹೂದ್ಯ ತತ್ತ್ವಜ್ಞರಲ್ಲಿ ಅಗ್ರಗಣ್ಯನೂ ಧರ್ಮಶಾಸ್ತ್ರ ವ್ಯಾಖ್ಯಾನಕಾರನೂ ಆದ ಮೈಮೊನಿಡೀಸನ ಸ್ವಹಸ್ತಾಕ್ಷರದ ಬರಹಗಳು ಕೈರೋವಿನ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ ದೊರೆತುವು. ದೇವನಾಮವಿರುವ ಕಾಗದವನ್ನು ನಾಶಮಾಡಬಾರದೆಂಬ ಶ್ರದ್ಧೆಯಿಂದ ಆ ಜನರು ಹಳೆಯ ಬರಹಗಳನ್ನು ಅಲ್ಲಿ ಕೂಡಿಡುತ್ತಿದ್ದರು. ಅದೇ ರಾಶಿಯಲ್ಲಿ ನಮ್ಮ ಮಂಗಳೂರಿಗೆ ಸಂಬಂಧಿಸಿದ ಪತ್ರಗಳೂ ಇದ್ದುವೆಂಬುದು ವಾಚಕರಿಗೆ ವಿಸ್ಮಯವನ್ನುಂಟುಮಾಡದಿರದು.

ಅವು ಅಬ್ರಹಾಂ ಬೆನ್ ಯಿಜುವಿನವು. ಟ್ಯುನೀಸಿಯದ ಮಹದಿಯದಿಂದ ಬಂದ ಈತನು 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡಿಸಿದನು. ಕಂಚು ಹಿತ್ತಾಳೆಗಳ ಕಾರ್ಯಾಗಾರವನ್ನು ನಡೆಸಿದನು. ಇಲ್ಲಿ ಕಾಗದವು ದುರ್ಲಭವಾಗಿದ್ದುದರಿಂದ ಏಡನ್ನಿನ ಮಿತ್ರರು ಅದನ್ನು ಕಳುಹಿಸುತ್ತಿದ್ದರು. ಬಂದ ಪತ್ರಗಳ ಹಿಂಬದಿಯನ್ನೂ ಈತನು ತನ್ನ ಬರವಣಿಗೆಗೆ ಬಳಸುತ್ತಿದ್ದನು. 1149ರಲ್ಲಿ ಏಡನ್ನಿಗೆ ಮರಳಿದನು.

ಆ ಪತ್ರಗಳಲ್ಲಿ ಅವನ ಸೇವಕನಿಗೂ ವಂದನೆಗಳಿವೆ. ಸೇವಕನ ಹೆಸರನ್ನು ಬೊಮ್ಮನೆಂದು ವಿದ್ವಾಂಸರು ಓದಿದ್ದಾರೆ. ಶಾಸನಗಳಲ್ಲಿ ಸ್ಥಾನ ದೊರೆಯದ ನಮ್ಮ ಕರಾವಳಿಯ ಒಬ್ಬ ಸಾಮಾನ್ಯನ ಹೆಸರು ಹೀಗೆ ಪರದೇಶದ ಕಾಗದದಲ್ಲಿ ಉಳಿದುಬಂದಿತು.