ಸ್ವಯಂಚಾಲಿತ ತಂತ್ರಾಂಶ ಪರೀಕ್ಷೆಗಳಿಗೆ ಕಾಲಮಿತಿ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಗಣಕೀಕೃತ ಸೇವೆಗಳ ತಂತ್ರಾಂಶದಲ್ಲಿ ಮಾಡಿದ ಬದಲಾವಣೆಗಳನ್ನು ಬಳಕೆಗೆ ತರುವ ಮುನ್ನ ಪರೀಕ್ಷಿಸುವುದು ಅವಶ್ಯಕ. ಅರ್ಜಿಯ ದಿನಾಂಕ ಸರಿಯಾಗಿ ದಾಖಲಾಗುವುದೇ, ಶುಲ್ಕದ ಲೆಕ್ಕ ಸರಿಯಿದೆಯೇ, ಸ್ವೀಕೃತಿ ಸಂಖ್ಯೆ ದೊರೆಯುವುದೇ ಎಂಬ ಅಂಶಗಳನ್ನು ಮತ್ತೊಂದು ತಂತ್ರಾಂಶವೇ ಪರಿಶೀಲಿಸುವುದನ್ನು ಸ್ವಯಂಚಾಲಿತ ಪರೀಕ್ಷೆ ಎನ್ನಲಾಗುತ್ತದೆ. ಇಂತಹ ಪರೀಕ್ಷೆಯು ಗರಿಷ್ಠ ಎಷ್ಟು ಸಮಯದೊಳಗೆ ಮುಗಿಯಬೇಕೆಂದು ಮೊದಲೇ ಗೊತ್ತುಪಡಿಸುವುದೇ ಅದರ ಕಾಲಮಿತಿ.

ಅವಶ್ಯಕತೆ

ವಿಫಲವಾದ ಪರೀಕ್ಷೆಯು ದೋಷವಿದೆಯೆಂದು ತಿಳಿಸುತ್ತದೆ. ಮುಗಿಯದ ಪರೀಕ್ಷೆಯು ಏನನ್ನೂ ತಿಳಿಸುವುದಿಲ್ಲ. ಸರದಿಯಲ್ಲಿರುವ ಇತರ ಪರೀಕ್ಷೆಗಳನ್ನೂ ತಡೆಹಿಡಿಯಬಹುದು. ಪರಿಣಾಮವಾಗಿ, ಅರ್ಜಿದಾರರ ತೊಂದರೆ ನಿವಾರಿಸಲು ಸಿದ್ಧವಾಗಿರುವ ತಿದ್ದುಪಡಿಯೂ ಬಳಕೆಗೆ ಬರುವುದು ವಿಳಂಬವಾಗುತ್ತದೆ. ಯಾವುದೇ ಕ್ರಮವಿಧಿಯು ಮುಗಿಯುವುದೋ ಇಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ಮುಂಚಿತವಾಗಿ ಹೇಳಬಲ್ಲ ಸಾಮಾನ್ಯ ವಿಧಾನವಿಲ್ಲವೆಂಬುದು ಗಣಿತಜ್ಞ ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಿಂದ ಸಿದ್ಧಪಡುತ್ತದೆ. ಆದುದರಿಂದ ಗಡಿಯಾರವನ್ನೇ ಆಧಾರವಾಗಿಟ್ಟುಕೊಳ್ಳಬೇಕಾಗುತ್ತದೆ.

ಪರೀಕ್ಷೆ ಮುಗಿಯದಿರಲು ಮುಖ್ಯ ಕಾರಣಗಳು

1. ಒಂದೇ ಸೂಚನಾ ಸಮೂಹವು ಕೊನೆಯಿಲ್ಲದೆ ಪುನರಾವರ್ತನೆಯಾಗುವುದು.
2. ಎರಡು ಕಾರ್ಯಗಳು ಪರಸ್ಪರ ಒಂದು ಇನ್ನೊಂದಕ್ಕಾಗಿ ಕಾಯುತ್ತ ನಿಲ್ಲುವುದು.
3. ಬ್ಯಾಂಕ್ ಮುಂತಾದ ಹೊರಗಿನ ಗಣಕಯಂತ್ರದಿಂದ ಉತ್ತರ ಬಾರದಿರುವುದು.

ಪ್ರಚಲಿತ ಸಾಧನಗಳಲ್ಲಿನ ಕಾಲಮಿತಿ

ಬೇರೆ ಮಿತಿಯನ್ನು ನಮೂದಿಸದಿದ್ದಲ್ಲಿ ಕೆಳಕಂಡ ಮಿತಿಗಳು ಅನ್ವಯಿಸುತ್ತವೆ:

ಮೋಕಾ: ಪ್ರತಿ ಪರೀಕ್ಷೆಗೆ 2 ಸೆಕೆಂಡು
ಜೆಸ್ಟ್: ಪ್ರತಿ ಪರೀಕ್ಷೆಗೆ 5 ಸೆಕೆಂಡು
ಗೋ ಭಾಷೆಯ ಪರೀಕ್ಷಾ ಸಾಧನ: ಒಂದು ಪ್ಯಾಕೇಜಿನ ಪರೀಕ್ಷೆಗಳಿಗೆ 10 ನಿಮಿಷ
ಗಿಟ್‌ಹಬ್ ಆ್ಯಕ್ಷನ್ಸ್: ಒಂದು ಕಾರ್ಯಕ್ಕೆ 360 ನಿಮಿಷ

ಪೈಥಾನ್ ಭಾಷೆಯ ಪೈಟೆಸ್ಟ್ ಸಾಧನದಲ್ಲಿ ಪರೀಕ್ಷೆಗಳಿಗೆ ಇಂತಹ ಪೂರ್ವನಿಗದಿತ ಮಿತಿ ಇರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಅಳವಡಿಸಬೇಕು.

ಮಿತಿಯನ್ನು ನಿಗದಿಪಡಿಸುವ ಕ್ರಮ

ಪರೀಕ್ಷೆಯನ್ನು ಹಲವು ಬಾರಿ ನಡೆಸಿ, ಅದಕ್ಕೆ ತಗಲುವ ಸಮಯವನ್ನು ಅಳೆದು, ಅದಕ್ಕಿಂತ ಸಾಕಷ್ಟು ಹೆಚ್ಚಿನ ಮಿತಿಯನ್ನು ಇಡುವುದು ಸೂಕ್ತ. ಮಿತಿ ತೀರಾ ಕಡಿಮೆಯಾದಲ್ಲಿ, ಗಣಕಯಂತ್ರದ ಮೇಲೆ ಕಾರ್ಯಭಾರ ಹೆಚ್ಚಿದಾಗ ದೋಷವಿಲ್ಲದ ತಂತ್ರಾಂಶವೂ ವಿಫಲವೆಂದು ವರದಿಯಾಗುತ್ತದೆ. ಇದು ಪದೇ ಪದೇ ನಡೆದಲ್ಲಿ ಸಿಬ್ಬಂದಿಯು ನೈಜ ದೋಷದ ವರದಿಯನ್ನೂ ಕಡೆಗಣಿಸುವ ಸಂಭವವಿದೆ. ಮಿತಿ ತೀರಾ ಹೆಚ್ಚಾದಲ್ಲಿ ದೋಷ ತಿಳಿಯುವುದೇ ತಡವಾಗುತ್ತದೆ. ಪ್ರತಿಯೊಂದು ಪರೀಕ್ಷೆಗೆ ಹಾಗೂ ಪರೀಕ್ಷೆಗಳ ಇಡೀ ಸಮೂಹಕ್ಕೆ ಪ್ರತ್ಯೇಕ ಮಿತಿಗಳಿರುವುದು ಒಳಿತು.

ಮಿತಿ ಮೀರಿದಲ್ಲಿ

ಪರೀಕ್ಷೆಯನ್ನು ವಿಫಲವೆಂದು ಪರಿಗಣಿಸಿ, ಅದು ಯಾವ ಹಂತದಲ್ಲಿ ನಿಂತಿತೆಂಬುದನ್ನು ದಾಖಲಿಸತಕ್ಕದ್ದು. ಕಾರಣವನ್ನು ಪತ್ತೆಹಚ್ಚದೆ ಮಿತಿಯನ್ನು ಮಾತ್ರ ಹೆಚ್ಚಿಸಿದಲ್ಲಿ ದೋಷವು ಹಾಗೆಯೇ ಉಳಿಯುತ್ತದೆ. ಎರಡನೆಯ ಬಾರಿ ತೇರ್ಗಡೆಯಾದ ಮಾತ್ರಕ್ಕೆ ದೋಷವಿಲ್ಲವೆಂದು ತೀರ್ಮಾನಿಸಲಾಗದು.

ಅರ್ಜಿದಾರರ ಗಮನಕ್ಕೆ

ಅರ್ಜಿ ಭರ್ತಿ ಮಾಡುವಾಗ ಕಾಣಿಸುವ "ಅವಧಿ ಮುಗಿದಿದೆ" ಎಂಬ ಸಂದೇಶಕ್ಕೂ ಮೇಲ್ಕಂಡ ಪರೀಕ್ಷಾ ಮಿತಿಗೂ ನೇರ ಸಂಬಂಧವಿಲ್ಲ. ಆದರೆ ನಿಗದಿತ ಸಮಯದೊಳಗೆ ಉತ್ತರ ಬಾರದಿದ್ದ ಮಾತ್ರಕ್ಕೆ ಕೆಲಸ ನಡೆದಿಲ್ಲವೆಂದು ಅರ್ಥವಲ್ಲ ಎಂಬ ತತ್ವವು ಎರಡಕ್ಕೂ ಸಮಾನ. ಶುಲ್ಕ ಪಾವತಿಯ ಹಂತದಲ್ಲಿ ಅವಧಿ ಮುಗಿದಲ್ಲಿ, ಪುನಃ ಪಾವತಿಸುವ ಮುನ್ನ ಹಣ ಕಡಿತವಾಗಿದೆಯೇ ಎಂಬುದನ್ನು ಬ್ಯಾಂಕ್ ಖಾತೆಯಲ್ಲಿಯೂ ಅರ್ಜಿಯ ಸ್ಥಿತಿಯಲ್ಲಿಯೂ ಪರಿಶೀಲಿಸಿಕೊಳ್ಳುವುದು.