ಒಂದು ಚುಕ್ಕಿಯ ಕಥೆ

ಬೆಳ್ಳಿಯಂಗಿರಿ ಬೆಟ್ಟದ ಕಡೆಗಿರುವ ತೊಂಡಾಮುತ್ತೂರಿಗೆ ಅಕ್ಕನ ಮನೆಗೆ ಹೋಗಿದ್ದೆವು. ಅಕ್ಕನ ಸೊಸೆಗೆ ಆಗ ಮೂರು ತಿಂಗಳು. "ಮಾವ, ಇದರಲ್ಲಿ ಏನು ಬರೆದಿದೆ ಅಂತ ಕನ್ನಡದಲ್ಲಿ ಬರೆದುಕೊಡಿ, ಅತ್ತೆ ಓದಬೇಕಂತೆ" ಎಂದು ಸ್ಕ್ಯಾನ್ ವರದಿ ತಂದುಕೊಟ್ಟಳು. ಮೇಷ್ಟ್ರಲ್ಲವೇ, ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟು ಊರಿಗೆ ಬಂದೆವು. ಎರಡು ದಿನಕ್ಕೆ ಅಕ್ಕನ ಫೋನು. "ಏನಪ್ಪಾ, ಹನ್ನೆರಡು ಅಂತ ಬರೆದಿದ್ದೀಯ, ನರ್ಸಮ್ಮ ಗಾಬರಿ ಆಗಿಬಿಟ್ರು!" ಮಗುವಿನ ಕತ್ತಿನ ಹಿಂದಿನ ನೀರಿನ ಪದರ 1.2 ಮಿ.ಮೀ. ಇತ್ತು. ನಾವು ಚುಕ್ಕಿ ಬಿಟ್ಟು 12 ಎಂದು ಬರೆದಿದ್ದೆವು. ಮೂಲ ವರದಿ ತೋರಿಸಿದ ಮೇಲೆ ಸರಿಹೋಯಿತು. ಆದರೆ ಆ ಸೊಸೆ ಒಂದು ಹಗಲೆಲ್ಲ ಅತ್ತಿದ್ದಳು.

ಅಂದಿನಿಂದ ಈ ಚುಕ್ಕಿಯ ಹಿಂದೆ ಬಿದ್ದೆವು.

ನಮ್ಮ ಓಲೆಗರಿಗಳಲ್ಲಿ ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಅವು 19ನೇ ಶತಮಾನದಲ್ಲಿ ಅಚ್ಚಿನ ಜೊತೆ ಬಂದವು. ಇಂದಿಗೂ ಮಕ್ಕಳಿಗೆ ಅವು ಅಂಕ ಕಳೆಯುವ ವಸ್ತು, ಅಷ್ಟೆ. ಸ್ಕ್ಯಾನ್ ವರದಿಯಲ್ಲಿ ಹಾಗಲ್ಲ. 'ನೋ ಅಬ್‌ನಾರ್ಮಾಲಿಟಿ ಸೀನ್' ಎಂದರೆ ದೋಷ ಕಂಡಿಲ್ಲ. 'ನೋ' ನಂತರ ಅಲ್ಪವಿರಾಮ ಬಿದ್ದರೆ ದೋಷ ಕಂಡಿದೆ ಎಂದಾಗುತ್ತದೆ!

ಗರ್ಭದೊಳಗನ್ನು ಶಬ್ದದಲೆಯಿಂದ ನೋಡುವುದನ್ನು 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದರು. ಕತ್ತಿನ ಹಿಂದಿನ ಪದರಕ್ಕೂ ಡೌನ್ ಸಿಂಡ್ರೋಮಿಗೂ ಇರುವ ನಂಟನ್ನು 1992ರಲ್ಲಿ ಲಂಡನ್ನಿನ ನಿಕೊಲೈಡಿಸ್ ತಂಡ ತೋರಿಸಿತು. 3.5 ಮಿ.ಮೀ. ದಾಟಿದರೆ ವೈದ್ಯರು ಮುಂದಿನ ಪರೀಕ್ಷೆಯ ಮಾತೆತ್ತುತ್ತಾರೆ. ಅಂದಮೇಲೆ ನಮ್ಮ 12 ನೋಡಿ ಯಾರಿಗೆ ತಾನೇ ಗಾಬರಿಯಾಗದು? ಇದರ ಜೊತೆಗೆ ರಕ್ತಪರೀಕ್ಷೆ, ತಾಯಿಯ ವಯಸ್ಸು ಎಲ್ಲ ಸೇರಿಸಿ 1:250 ಎಂಬಂತೆ ಬರೆಯುತ್ತಾರೆ. ಆ ಎರಡು ಚುಕ್ಕಿಯ ಅರ್ಥ 250ರಲ್ಲಿ ಒಬ್ಬರಿಗೆ ಸಾಧ್ಯತೆ ಎಂದು. ವಯಸ್ಸೇ ಇಲ್ಲಿ ದೊಡ್ಡದು. 35ರ ತಾಯಿಗೆ ಸುಮಾರು 350ಕ್ಕೆ ಒಂದು, 40ಕ್ಕೆ 100ಕ್ಕೆ ಒಂದು.

ಆ ವಯಸ್ಸೇ ತಪ್ಪಿದರೆ? ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಅದೇ ಆಯಿತು. 2000ನೇ ಇಸವಿ ಬಂದಾಗ ಅಲ್ಲಿನ ಪ್ರಯೋಗಾಲಯದ ಕಂಪ್ಯೂಟರಿಗೆ ಇಸವಿಯ ಲೆಕ್ಕ ತಪ್ಪಿತು, ತಾಯಂದಿರ ವಯಸ್ಸು ತಪ್ಪಾಯಿತು. ಮೇ ತಿಂಗಳವರೆಗೆ ಯಾರಿಗೂ ತಿಳಿಯಲಿಲ್ಲ. 150ಕ್ಕೂ ಹೆಚ್ಚು ಗರ್ಭಿಣಿಯರಿಗೆ ಅಪಾಯ ಕಡಿಮೆ ಎಂದು ತಪ್ಪು ವರದಿ ಹೋಗಿತ್ತು. ಇಸವಿಯನ್ನು ಎರಡೇ ಅಂಕೆಯಲ್ಲಿ ಬರೆಯುವ ಹಳೆಯ ಜಿಪುಣತನ ಇದರ ಮೂಲ.

ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಹೀಗೆ ಬರೆಯಬೇಡಿ ಎಂಬ ಪಟ್ಟಿ ಜಾರಿ ಮಾಡಿತು. ಔಷಧಿಯ ಅಳತೆಯಲ್ಲಿ 1.0 ಎನ್ನಬಾರದು, ಚುಕ್ಕಿ ಮಾಸಿದರೆ 10 ಆಗುತ್ತದೆ. .5 ಎನ್ನಬಾರದು, ಮುಂದೆ ಸೊನ್ನೆ ಇರಲೇಬೇಕು. (ಪ್ರಯೋಗಾಲಯ, ಸ್ಕ್ಯಾನ್ ಅಳತೆಗಳಲ್ಲಿ ಕೊನೆಯ ಸೊನ್ನೆಗೆ ವಿನಾಯಿತಿ ಇದೆ.) ಅಂದಿನ ದಿನಗಳಲ್ಲಿ ಬೆಂಗಳೂರಿನಲ್ಲೂ ಕೊಯಮತ್ತೂರಿನಲ್ಲೂ ನಮ್ಮ ಹುಡುಗ ಹುಡುಗಿಯರು ಅಮೆರಿಕದ ಡಾಕ್ಟರ ದನಿ ಕೇಳಿ ವರದಿ ಟೈಪು ಮಾಡುತ್ತಿದ್ದರು. ನಾವು ಫುಲ್‌ಸ್ಟಾಪ್ ಎನ್ನುವುದನ್ನು ಅವರು ಪೀರಿಯಡ್ ಎನ್ನುತ್ತಾರೆ. ಫಿಫ್ಟೀನೋ ಫಿಫ್ಟಿಯೋ ಎಂದು ಕಿವಿಗೊಟ್ಟು ಕೇಳಬೇಕಿತ್ತು.

ನಮ್ಮ ದೇಶದಲ್ಲಿ ಬರಹದ ತಪ್ಪಿಗೆ ಇನ್ನೊಂದು ತೂಕವಿದೆ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಕಾನೂನು ಬಂತು, 2003ರಲ್ಲಿ ಬಿಗಿಯಾಯಿತು. ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ 'ಫಾರಂ ಎಫ್' ತುಂಬಬೇಕು. ಅದು ಬರಿಯ ಗುಮಾಸ್ತರ ತಪ್ಪು, ಅದಕ್ಕೆ ಶಿಕ್ಷೆ ಬೇಡ ಎಂದು ವೈದ್ಯರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಮೇ 3ರಂದು ಕೋರ್ಟು ಒಪ್ಪಲಿಲ್ಲ. ಆ ಫಾರಂ ಖಾಲಿ ಬಿಟ್ಟರೆ ಸ್ಕ್ಯಾನ್ ಯಾಕೆ ಮಾಡಿದರು ಎಂಬುದೇ ಮರೆಯಾಗುತ್ತದೆ ಎಂಬ ವಾದ ನಮಗೆ ಸರಿ ಎನ್ನಿಸುತ್ತದೆ. ನಿಜವಾಗಿ ಕೈತಪ್ಪಿದ ವೈದ್ಯರ ಸಂಕಟವೂ ಈಗ ಸ್ವಲ್ಪ ಅರ್ಥವಾಗುತ್ತದೆ.

ಮುಂದಿನ ಸಲ ಹೋದಾಗ ಅಕ್ಕನಿಗೆ ಹೊಸ ಹಾಳೆ ಬರೆದುಕೊಟ್ಟೆವು. ಚುಕ್ಕಿಗೆ ಕೆಂಪು ಇಂಕು ಹಾಕಿ, ಪಕ್ಕದಲ್ಲಿ "ಒಂದು ಪಾಯಿಂಟ್ ಎರಡು" ಎಂದು ಅಕ್ಷರದಲ್ಲೂ ಬರೆದು, ಸೊಸೆಯ ಕೈಲಿ ಮೂಲ ವರದಿ ಕೊಟ್ಟು ಎರಡು ಸಲ ಗಟ್ಟಿಯಾಗಿ ಓದಿಸಿದೆವು.